ಗುಜರಿ ಸಾಮಾನಲ್ಲಿ ಕಾರ್ಟ್ ಮಾಡೋದು ಹೇಗೆ: ಬ್ರೇಕ್ ಮೊದ್ಲು, ಮೋಟರ್ ಕೊನೆಗೆ

ಬೇಸಿಗೆ ರಜ ಶುರುವಾದ್ರೆ ಸಾಕು, ಒಂಬತ್ತನೇ ಕ್ಲಾಸು ಹತ್ತನೇ ಕ್ಲಾಸಿನ ಹುಡುಗ್ರು ಕೇಳೋ ಪ್ರಶ್ನೆ ಒಂದೇ. "ಅಣ್ಣ, ಮನೇಲಿ ಹಳೇ ವಾಷಿಂಗ್ ಮಷೀನ್ ಮೋಟರ್ ಬಿದ್ದಿದೆ, ಅದ್ರಲ್ಲಿ ಕಾರ್ ಮಾಡ್ಬೋದಾ?" ಕಾರ್ ಮಾಡ್ಬೋದು, ಆದ್ರೆ ಆ ಮೋಟರಲ್ಲಿ ಆಗಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಮೋಟರ್‌ನಿಂದ ಶುರು ಮಾಡ್ಬಾರ್ದು. ಎಲ್ರೂ ಅಲ್ಲಿಂದಾನೇ ಶುರು ಮಾಡೋದು, ಅದಕ್ಕೇ ಅರ್ಧಕ್ಕರ್ಧ ಕಾರುಗಳು ಓಡತ್ವೆ ಆದ್ರೆ ತಿರುಗಲ್ಲ, ತಿರುಗಿದ್ರೂ ನಿಲ್ಲಲ್ಲ. ಇಲ್ಲಿ ಹೇಳ್ತಿರೋ ಕ್ರಮ ಫ್ರೇಮು, ಸ್ಟೀರಿಂಗು, ಬ್ರೇಕು, ಆಮೇಲೆ ಮೋಟರ್ ಇಲ್ದೆ ತಳ್ಳಿ ನೋಡೋದು, ಅದು ಪಾಸಾದ್ರೆ ಮಾತ್ರ ಮೋಟರು.

ಏನು ಮಾಡ್ತಿದೀವಿ ಅಂತ ಮೊದ್ಲೇ ಹೇಳಿಬಿಡ್ತೀನಿ. ಒಬ್ರು ಕೂರೋ ನಾಲ್ಕು ಚಕ್ರದ ಗಾಡಿ, ಅದಕ್ಕೇ ಕಾರ್ಟ್ ಅನ್ನೋದು, 24 ವೋಲ್ಟ್ ಬ್ಯಾಟರಿ, 250 ವ್ಯಾಟ್ ಮೋಟರು, ಸ್ಪೀಡು ಗಂಟೆಗೆ ಸುಮಾರು 12 ಕಿಲೋಮೀಟರು, ಓಡ್ಸೋ ಜಾಗ ಮಣ್ಣಿನ ಮೈದಾನ. "ಬರೀ 12 ಆ?" ಅಂತ ಮೂಗು ಮುರೀಬೇಡಿ. ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಕೂತು 12ರಲ್ಲಿ ಹೋದ್ರೆ 40ರಲ್ಲಿ ಹೋದಂಗೆ ಅನ್ಸತ್ತೆ.

ವಾಷಿಂಗ್ ಮಷೀನ್ ಮೋಟರ್ ಯಾಕಾಗಲ್ಲ ಅಂದ್ರೆ ಅದು 230 ವೋಲ್ಟ್ ಎಸಿ. ಗೋಡೆ ಸಾಕೆಟ್ ಕರೆಂಟು, ಕೆಪಾಸಿಟರ್ ಬೇಕು, ಬ್ಯಾಟರಿಗೆ ನೇರ ಕೊಟ್ರೆ ಅಲ್ಲಾಡಲ್ಲ. ಅಮೆರಿಕದಲ್ಲಿ ಹುಡುಗ್ರು ವಾಷಿಂಗ್ ಮಷೀನ್ ಇಂಜಿನ್‌ನಲ್ಲಿ ಕಾರ್ಟ್ ಮಾಡಿದ್ದು ನಿಜ, ಯಾಕಂದ್ರೆ ಅಲ್ಲಿ ಕರೆಂಟ್ ಇಲ್ಲದ ಹಳ್ಳಿ ಮನೆಗಳಿಗೆ ಅಂತ ಮೇಟ್ಯಾಗ್ ಕಂಪನಿ ಪೆಟ್ರೋಲ್ ಇಂಜಿನ್ ಇರೋ ವಾಷಿಂಗ್ ಮಷೀನ್ ಮಾರ್ತಿತ್ತು, ಕಾಲಲ್ಲಿ ಕಿಕ್ ಹೊಡ್ದು ಸ್ಟಾರ್ಟ್ ಮಾಡೋದು. ಮನೆಗೆ ಕರೆಂಟ್ ಬಂದ್ಮೇಲೆ ಆ ಇಂಜಿನ್‌ಗಳು ಮಕ್ಕಳ ಕೈಗೆ ಬಂದ್ವು. ಈಗ ನಾವು ನೋಡೋ ಗೋ ಕಾರ್ಟ್ ಕೂಡ ಹಂಗೇ ಹುಟ್ಟಿದ್ದು, 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಅನ್ನೋ ರೇಸ್ ಕಾರ್ ಮೆಕ್ಯಾನಿಕ್ಕು ಹುಲ್ಲು ಕತ್ತರಿಸೋ ಮಷೀನ್‌ಗೆ ಅಂತ ಮಾಡಿದ್ದ ಸಣ್ಣ ಇಂಜಿನ್ ತಗೊಂಡು ಪೈಪಿನ ಫ್ರೇಮಿಗೆ ಕೂರಿಸಿದ್ದು. ನಮ್ಮಲ್ಲಿ ಅಟ್ಟದ ಮೇಲೆ ಸಿಗೋ ಸಾಮಾನೇ ಬೇರೆ, ಅದಕ್ಕೆ ತಕ್ಕ ಹಾಗೆ ನಮ್ಮ ಕಾರ್ಟೂ ಬೇರೆ.

ಮನೇಲಿ ಏನು ತಗೋಬೋದು, ಏನು ಮುಟ್ಟಬಾರ್ದು

ಹಳೇ ಕಬ್ಬಿಣದ ಮಂಚ ಇದ್ರೆ ಅದು ಬಂಗಾರ, ಅದರ ಆ್ಯಂಗಲ್‌ನಲ್ಲೇ ಅರ್ಧ ಫ್ರೇಮ್ ಆಗತ್ತೆ. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಸೀಟಿಗೆ. ಕೆಟ್ಟು ಬಿದ್ದಿರೋ ಕಂಪ್ಯೂಟರ್ ಕ್ಯಾಬಿನೆಟ್‌ನ ತಗಡು ಚೈನ್ ಕವರಿಗೆ. ಕಂಪ್ಯೂಟರ್ ಯುಪಿಎಸ್ ಒಳಗಿನ 12 ವೋಲ್ಟ್ 7 ಎಎಚ್ (ಆ್ಯಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ) ಬ್ಯಾಟರಿ, ಅಂಥವು ಎರಡು ಬೇಕು. ಹಳೇ ಹೋಮ್ ಥಿಯೇಟರ್ ಇದ್ರೆ ಅದರ ಕೆಂಪು ಬಿಳಿ ಆಡಿಯೋ ಪಿನ್ನು ಮತ್ತೆ ಸಾಕೆಟ್ಟು ಕಿತ್ತಿಟ್ಕೊಳ್ಳಿ, ಯಾಕಂತ ಮುಂದೆ ಹೇಳ್ತೀನಿ. ಸಣ್ಣ ಮಕ್ಕಳ ಸೈಕಲ್ ಇದ್ರೆ ಚೈನು, ಫ್ರೀವೀಲು (ಹಿಂದಿನ ಚಕ್ರದಲ್ಲಿ ಚೈನ್ ಕೂರೋ, ಒಂದೇ ಕಡೆ ಎಳೆಯೋ ಹಲ್ಲಿನ ಬಿಲ್ಲೆ), ಬ್ರೇಕ್ ಕೇಬಲ್ಲು, ಹ್ಯಾಂಡಲ್ ತಿರುಗೋ ಪೈಪು ಕೋನು ಕಪ್ಪು ಸಮೇತ, ಎಲ್ಲಾ ಬರತ್ತೆ.

ಮಿಕ್ಸಿ ಮೋಟರ್ ಬೇಡ, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಸುತ್ತತ್ತೆ, ಐದು ನಿಮಿಷ ಲೋಡ್ ಕೊಟ್ರೆ ಸುಟ್ಟ ವಾಸನೆ. ಫ್ಯಾನ್ ಮೋಟರ್‌ನಲ್ಲಿ ದಮ್ ಇಲ್ಲ. ಕಾರಿನ ವೈಪರ್ ಮೋಟರ್ 12 ವೋಲ್ಟೇ ಆದ್ರೂ ತೆವಳತ್ತೆ. ಬಟ್ಟೆ ಒಣಹಾಕೋಕೆ ಮಾತ್ರ ಉಪಯೋಗ ಆಗ್ತಿರೋ ಟ್ರೆಡ್‌ಮಿಲ್ ಇದ್ಯಲ್ಲ, ಅದ್ರ ಡಿಸಿ ಮೋಟರ್ ಗಟ್ಟಿಮುಟ್ಟಾದದ್ದೇ, ಆದ್ರೆ ಅದು ಸಾಮಾನ್ಯವಾಗಿ 180 ವೋಲ್ಟ್‌ದು, 24ಕ್ಕೆ ಆಮೆ ಥರ ತಿರುಗತ್ತೆ, ಅದಕ್ಕೋಸ್ಕರ ವೋಲ್ಟೇಜ್ ಏರಿಸ್ತಾ ಹೋಗೋದು ಮಕ್ಕಳ ಗಾಡಿಗೆ ಬೇಡವೇ ಬೇಡ.

ಇನ್ನು ಮೈಕ್ರೋವೇವ್. ದಯವಿಟ್ಟು ಬಿಚ್ಬೇಡಿ. ಪ್ಲಗ್ ಕಿತ್ತಿಟ್ರೂ ಅದ್ರ ಕೆಪಾಸಿಟರ್‌ನಲ್ಲಿ ಎರಡು ಸಾವಿರ ವೋಲ್ಟ್ ಆಸುಪಾಸು ಚಾರ್ಜ್ ಉಳ್ಕೊಂಡಿರಬಹುದು, ಅದು ಪ್ರಾಣ ತೆಗೆಯೋ ಶಾಕು. ಡಬ್ಬ ಟಿವಿ, ಫ್ರಿಜ್ ಕಂಪ್ರೆಸರ್ ಇವೆರಡೂ ಹಾಗೇ ಗುಜರಿಗೆ ಹೋಗ್ಲಿ. ಮನೆ ಇನ್ವರ್ಟರ್‌ನ ದೊಡ್ಡ ಬ್ಯಾಟರಿ ಮೇಲೂ ಕಣ್ಣು ಹಾಕ್ಬೇಡಿ, ಐವತ್ತು ಅರವತ್ತು ಕೆಜಿ ತೂಕ, ಒಳಗೆ ಆ್ಯಸಿಡ್ಡು, ಗಾಡಿ ವಾಲಿದ್ರೆ ಕಾಲ ಮೇಲೆ ಬರತ್ತೆ, ಜೊತೆಗೆ ಅಮ್ಮನ ಬೈಗುಳ ಬೇರೆ. ಹಳೇ ಲ್ಯಾಪ್‌ಟಾಪ್ ಲಿಥಿಯಂ ಸೆಲ್ ಜೋಡಿಸಿ ಪ್ಯಾಕ್ ಮಾಡೋದೂ ಮೊದಲ ಗಾಡಿಗೆ ಬೇಡ, ಅದು ಹತ್ಕೊಂಡ್ರೆ ಆರಿಸೋದು ಕಷ್ಟ.

ಗುಜರಿಯಿಂದ ತರೋದು

ಚಕ್ರಕ್ಕೆ ಸೈಕಲ್ ಚಕ್ರ ಹಾಕೋ ಆಸೆ ಎಲ್ರಿಗೂ ಬರತ್ತೆ. ಬೇಡ. ಸೈಕಲ್ ತಿರುವಲ್ಲಿ ವಾಲತ್ತೆ, ಹಂಗಾಗಿ ಅದ್ರ ಕಡ್ಡಿಗಳಿಗೆ ಪಕ್ಕದಿಂದ ಹೊಡೆತ ಬೀಳಲ್ಲ. ಕಾರ್ಟ್ ವಾಲಲ್ಲ, ಪೂರ್ತಿ ಹೊಡೆತ ರಿಮ್ಮಿಗೆ ಪಕ್ಕದಿಂದ ಬಿದ್ದು ಚಕ್ರ ಎಂಟರ ಆಕಾರ ಆಗತ್ತೆ. ಜೊತೆಗೆ ಸೈಕಲ್ ಆ್ಯಕ್ಸಲ್ಲು ಎರಡೂ ಕಡೆ ಹಿಡ್ಕೊಂಡಿರೋಕೆ ಅಂತ ಮಾಡಿದ ಸಣ್ಣ ಕಡ್ಡಿ, ಒಂದೇ ಕಡೆ ಹಿಡಿದ್ರೆ ಬಗ್ಗತ್ತೆ.

ಹಿಂದಿನ ಎರಡಕ್ಕೆ ಹಳೇ ಚೇತಕ್ ಥರದ ಸ್ಕೂಟರ್‌ನ 10 ಇಂಚು ರಿಮ್ಮು, ಅಥವಾ ಆಟೋದ 8 ಇಂಚಿಂದು. ಇವು ನಟ್ ಬಿಚ್ಚಿದ್ರೆ ಡ್ರಮ್ಮಿಂದ ಹಂಗೇ ಬರೋ ರಿಮ್ಮುಗಳು, ನಮಗೆ ಬೇಕಾಗಿರೋದು ಅದೇ. ಮುಂದಿನ ಎರಡಕ್ಕೆ ಗಾರೆ ಕೆಲಸದವರ ತಳ್ಳುಗಾಡಿ ವೀಲ್ ಸಾಕು, ಬೇರಿಂಗ್ ಆಡ್ತಿದ್ಯಾ ನೋಡ್ಕೊಳ್ಳಿ. ಬೆಂಗಳೂರಲ್ಲಿದ್ರೆ ಶಿವಾಜಿನಗರದ ಗುಜರಿ ಸಾಲು, ವೈರು ಕನೆಕ್ಟರ್‌ಗೆ ಎಸ್‌ಪಿ ರೋಡು. ಬೇರೆ ಊರಲ್ಲಿ ಆಟೋ ಗ್ಯಾರೇಜ್‌ನ ಹಿತ್ತಲೇ ಶೋರೂಮು.

ಹೊಸದಾಗಿ ತಗೋಬೇಕಾದ್ದು ಮೂರೇ, ಮೋಟರು, ಕಂಟ್ರೋಲರ್ರು (ಮೋಟರಿಗೆ ಹೋಗೋ ಕರೆಂಟನ್ನ ಹಿಡಿತದಲ್ಲಿಡೋ ಡಬ್ಬಿ), ಥ್ರಾಟಲ್ಲು (ಸ್ಪೀಡ್ ಏರಿಸೋ ಎಕ್ಸಿಲೇಟರು). ಸೈಕಲ್‌ನ ಎಲೆಕ್ಟ್ರಿಕ್ ಮಾಡೋರು ಹಾಕೋ ಎಂವೈ1016ಝಡ್ ಅನ್ನೋ 24 ವೋಲ್ಟ್ 250 ವ್ಯಾಟ್ ಗೇರ್ ಮೋಟರ್ ಕೇಳಿ, ಅದಕ್ಕೆ ಸೈಕಲ್ ಚೈನ್ ಕೂರೋ 9 ಹಲ್ಲಿನ ಸ್ಪ್ರಾಕೆಟ್ ಇರೋದನ್ನೇ ತಗೊಳ್ಳಿ. ಈ ಮೂರೂ ಸೆಕೆಂಡ್ ಹ್ಯಾಂಡ್ ಬೇಡ ಅಂತ ನನ್ನ ಅಭಿಪ್ರಾಯ, ಉಳಿದಿದ್ದೆಲ್ಲ ಗುಜರಿ ಇರ್ಲಿ.

ಫ್ರೇಮು

ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಸೈಜಿಗೆ ಗೀಚಿ, ಓಡ್ಸೋರನ್ನ ಅದ್ರ ಮೇಲೆ ಕಾಲು ಚಾಚಿ ಕೂರ್ಸಿ. ಪೆಡಲ್ ಎಲ್ಲಿ, ಹ್ಯಾಂಡಲ್ ಎಲ್ಲಿ ಅಂತ ಆಗ್ಲೇ ಗೊತ್ತಾಗತ್ತೆ. ಮುಂದಿನ ಹಿಂದಿನ ಆ್ಯಕ್ಸಲ್ ನಡುವೆ ಮೂರೂವರೆ ಅಡಿ, ಅಗಲ ಚಕ್ರದಿಂದ ಚಕ್ರಕ್ಕೆ ಎರಡೂಮುಕ್ಕಾಲು ಅಡಿಗಿಂತ ಕಮ್ಮಿ ಬೇಡ. ಅಗಲ ಕಮ್ಮಿ ಆಗಿ ಸೀಟ್ ಎತ್ತರ ಆದ್ರೆ ತಿರುವಲ್ಲಿ ಪಲ್ಟಿ ಗ್ಯಾರಂಟಿ, ಅದಕ್ಕೇ ಕುರ್ಚಿ ಕಾಲು ಪೂರ್ತಿ ಕತ್ತರಿಸಿ, ಅಡಿಗೆ ಪ್ಲೈವುಡ್ ಕೊಟ್ಟು ದೊಡ್ಡ ವಾಷರ್ ಹಾಕಿ ಬೋಲ್ಟ್ ಮಾಡಿ. ಬರೀ ಪ್ಲಾಸ್ಟಿಕ್‌ಗೆ ಬೋಲ್ಟ್ ಹಾಕಿದ್ರೆ ಹರ್ಕೊಂಡು ಬರತ್ತೆ.

ಮಂಚದ ಆ್ಯಂಗಲ್ ಸಾಲ್ದೇ ಇದ್ರೆ ಒಂದಿಂಚಿನ ಚೌಕ ಪೈಪು, 2 ಎಂಎಂ ದಪ್ಪದ್ದು. ವೆಲ್ಡಿಂಗ್ ಮಾತ್ರ ಊರಿನ ಗ್ರಿಲ್ ವರ್ಕ್ಸ್‌ನವರ ಹತ್ರ ಮಾಡ್ಸಿ, ಪಕ್ಕದಲ್ಲಿ ನಿಂತು ಕಲೀರಿ ಆದ್ರೆ ಗ್ಲಾಸ್ ಇಲ್ದೆ ನೋಡ್ಬೇಡಿ, ರಾತ್ರಿ ಕಣ್ಣಲ್ಲಿ ಮರಳು ಹಾಕಿದಂಗೆ ಉರಿಯತ್ತೆ. ಪೇಂಟ್ ಇರೋ ಕಡೆ ಕೆರೆದು ಕೊಡಿ, ಜಿಐ ಪೈಪ್ (ಸತು ಲೇಪಿಸಿದ ಪೈಪು) ಬೇಡ, ಸತುವಿನ ಹೊಗೆ ಕುಡಿದ್ರೆ ಜ್ವರ ಬರತ್ತೆ.

ಸ್ಟೀರಿಂಗು, ಇಲ್ಲೇ ಜಾಸ್ತಿ ಟೈಮ್ ಹಾಕಿ

ಕಾರ್ ತಿರುಗುವಾಗ ಒಳಗಡೆ ಚಕ್ರ ಸಣ್ಣ ಸುತ್ತು ಹೊಡೆಯತ್ತೆ, ಹೊರಗಡೇದು ದೊಡ್ಡ ಸುತ್ತು. ಎರಡೂ ಒಂದೇ ಕೋನಕ್ಕೆ ತಿರುಗಿದ್ರೆ ಒಂದು ಚಕ್ರ ಎಳ್ಕೊಂಡೇ ಹೋಗತ್ತೆ, ಮಣ್ಣು ಕೆರೀತಾ. ಇದಕ್ಕೆ ಆ್ಯಕರ್‌ಮನ್ ಅಂತ ಹೆಸರಿನ ಲೆಕ್ಕ ಇದೆ, ಲೆಕ್ಕ ಬೇಡ ಅಂದ್ರೆ ದಾರ ಸಾಕು. ಹಿಂದಿನ ಆ್ಯಕ್ಸಲ್‌ನ ನಟ್ಟನಡು ಬಿಂದುವಿಗೆ ದಾರ ಕಟ್ಟಿ, ಮುಂದಿನ ಚಕ್ರ ತಿರುಗೋ ಕಿಂಗ್‌ಪಿನ್ ಬೋಲ್ಟಿನವರೆಗೆ ಎಳೀರಿ. ಆ ಬೋಲ್ಟಿಂದ ಹಿಂದಕ್ಕೆ ಬರೋ ಸ್ಟೀರಿಂಗ್ ಆರ್ಮ್ ಸರಿಯಾಗಿ ಆ ದಾರದ ಕೆಳಗೇ ಇರ್ಬೇಕು, ಅಂದ್ರೆ ಎರಡೂ ಆರ್ಮು ಸ್ವಲ್ಪ ಒಳಮುಖ ಆಗಿ ಬರತ್ವೆ. ಆರ್ಮ್ ನಾಲ್ಕಿಂಚು ಉದ್ದ ಸಾಕು. ಎರಡರ ತುದಿ ಸೇರ್ಸೋ ಟೈ ರಾಡ್‌ಗೆ ಎರಡೂ ಕಡೆ ರಾಡ್ ಎಂಡ್ ಬೇರಿಂಗ್ (ಓರೆಯಾದ್ರೂ ಸಲೀಸಾಗಿ ತಿರುಗೋ ಗುಂಡು ಜಾಯಿಂಟು) ಹಾಕಿ, ಇನ್ನೂರು ಮುನ್ನೂರು ಉಳಿಸೋಕೆ ಹೋಗಿ ಕಬ್ಬಿಣದ ಪಟ್ಟಿಗೆ ತೂತು ಹೊಡ್ದು ಬೋಲ್ಟ್ ಹಾಕಿದ್ರೆ ಆಟ ಬಂದು ಗಾಡಿ ತೂರಾಡತ್ತೆ.

ಕಿಂಗ್‌ಪಿನ್ ನೆಟ್ಟಗೆ ನಿಲ್ಲಿಸ್ಬೇಡಿ, ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರ್ಲಿ, ಎಂಟು ಹತ್ತು ಡಿಗ್ರಿ. ಸೈಕಲ್ ಫೋರ್ಕ್ ಯಾಕೆ ಓರೆ ಇದೆ ನೋಡಿ, ಅದೇ ಕಾರಣ, ಕೈ ಬಿಟ್ರೆ ಚಕ್ರ ತಾನಾಗೇ ನೇರ ಬರತ್ತೆ. ಸೈಕಲ್‌ನ ಹ್ಯಾಂಡಲ್ ಪೈಪನ್ನ ಕೋನು ಕಪ್ಪು ಸಮೇತ ಓರೆಯಾಗಿ ಫ್ರೇಮಿಗೆ ವೆಲ್ಡ್ ಮಾಡ್ಸಿದ್ರೆ ಸ್ಟೀರಿಂಗ್ ಕಾಲಮ್ ರೆಡಿ, ಕೆಳತುದಿಗೆ ಎರಡೂವರೆ ಇಂಚಿನ ಒಂದು ಪಟ್ಟಿ, ಅಲ್ಲಿಂದ ಒಂದು ರಾಡು ಸ್ಟೀರಿಂಗ್ ಆರ್ಮಿಗೆ. ರೌಂಡ್ ಸ್ಟೀರಿಂಗೇ ಬೇಕು ಅಂತ ಹಠ ಬೇಡ, ಸೈಕಲ್ ಹ್ಯಾಂಡಲ್ಲೇ ಇರ್ಲಿ, ಥ್ರಾಟಲ್ಲು ಬ್ರೇಕ್ ಲಿವರ್ರು ಹಾಕೋಕೆ ಅದೇ ಸುಲಭ.

ಇಲ್ಲಿರೋ ಪ್ರತಿ ನಟ್ಟೂ ನೈಲಾಕ್ ನಟ್ಟೇ ಆಗಿರ್ಬೇಕು, ಒಳಗೆ ನೀಲಿನೋ ಬಿಳಿನೋ ಪ್ಲಾಸ್ಟಿಕ್ ರಿಂಗ್ ಇರತ್ತಲ್ಲ ಅದು. ಮಾಮೂಲಿ ನಟ್ಟು ಅದುರಿ ಅದುರಿ ಬಿಚ್ಕೊಳ್ಳತ್ತೆ. ಕೊನೆಗೆ ಮುಂದಿನ ಎರಡು ಟೈರಿನ ನಡುವಿನ ಅಂತರ ಟೈರಿನ ಮುಂದುಗಡೆ ಒಂದ್ಸಲ ಹಿಂದುಗಡೆ ಒಂದ್ಸಲ ಟೇಪ್ ಹಿಡಿದು ನೋಡಿ, ಸಮ ಬರೋವರೆಗೆ ಟೈ ರಾಡ್ ತಿರುಗಿಸಿ.

ಹಿಂದಿನ ಆ್ಯಕ್ಸಲ್ಲು, ಬ್ರೇಕು

20 ಎಂಎಂ ಬ್ರೈಟ್ ಬಾರ್ (ನಯವಾದ ದುಂಡು ಕಬ್ಬಿಣದ ರಾಡು) ಒಂದು, ಅದಕ್ಕೆ ಯುಸಿಪಿ204 ನಂಬರ್ ಬ್ಲಾಕ್ ಬೇರಿಂಗ್ ಎರಡು. ಬೇರಿಂಗನ್ನ ಚಕ್ರಕ್ಕೆ ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ ಇಡಿ. ಲೇತ್ ಅಂಗಡೀಲಿ ಸ್ಕೂಟರ್ ರಿಮ್ಮಿನ ತೂತಿಗೆ ಸರಿಯಾಗಿ 6 ಎಂಎಂ ಪ್ಲೇಟಲ್ಲಿ ಎರಡು ಫ್ಲ್ಯಾಂಜ್ (ರಿಮ್ಮನ್ನ ಬೋಲ್ಟ್ ಮಾಡೋ ದುಂಡು ಬಿಲ್ಲೆ) ಮಾಡ್ಸಿ ಬಾರಿನ ಎರಡೂ ತುದಿಗೆ ವೆಲ್ಡ್ ಮಾಡ್ಸಿ. ಆದ್ರೆ ಎರಡನೇ ಫ್ಲ್ಯಾಂಜ್ ವೆಲ್ಡ್ ಮಾಡೋ ಮೊದ್ಲು ಬೇರಿಂಗು, ಫ್ರೀವೀಲ್ ಕೂರೋ ಬುಶ್ಶು (ಬಾರಿಗೆ ತೂರೋ ಕೊಳವೆ, ಇದನ್ನ ಮಾಡೋದು ಮುಂದೆ ಚೈನಿನ ಭಾಗದಲ್ಲಿದೆ, ಮೊದ್ಲೇ ಓದ್ಕೊಳ್ಳಿ), ಬ್ರೇಕಿನ ಡಿಸ್ಕ್ ಪ್ಲೇಟು ಎಲ್ಲಾ ಬಾರಿಗೆ ತೂರ್ಸಿದ್ದೀರಾ ಅಂತ ನೋಡ್ಕೊಳ್ಳಿ, ಆಮೇಲೆ ಒಳಗೆ ಹೋಗಲ್ಲ.

ಎರಡೂ ಚಕ್ರ ಒಂದೇ ಬಾರಿಗೆ ಫಿಕ್ಸ್ ಆದ್ರೆ ತಿರುಗತ್ತಾ ಅಂತ ಕೇಳ್ತೀರಿ. ಮಣ್ಣಲ್ಲಿ ತಿರುಗತ್ತೆ. ರೇಸಿಂಗ್ ಕಾರ್ಟ್‌ಗಳಲ್ಲೂ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಗೇರು) ಇರಲ್ಲ. ಲಾಭ ಏನಂದ್ರೆ ಬಾರಿನ ಮೇಲೆ ಒಂದು ಬ್ರೇಕ್ ಹಾಕಿದ್ರೆ ಎರಡೂ ಚಕ್ರಕ್ಕೆ ಸಮ ಬ್ರೇಕು, ಗಾಡಿ ಒಂದು ಕಡೆ ಎಳೆಯಲ್ಲ.

ಬ್ರೇಕಿಗೆ ಗೇರ್ ಸೈಕಲ್‌ನ ಕೇಬಲ್ ಡಿಸ್ಕ್ ಸೆಟ್ಟು, 160 ಎಂಎಂ ಡಿಸ್ಕು ಆರು ಸ್ಕ್ರೂದಲ್ಲಿ ಪ್ಲೇಟಿಗೆ ಕೂರತ್ತೆ. ಕೇಬಲ್ ಕಾಲಿನ ಪೆಡಲ್‌ಗೆ ತನ್ನಿ. ಇದೊಂದೇ ಸಾಲಲ್ಲ, ಕೇಬಲ್ ತುಂಡಾದ್ರೆ ಏನು ಗತಿ, ಹಂಗಾಗಿ ಕೈಗೆ ಎಟಕೋ ಹಾಗೆ ಒಂದು ಲಿವರ್, ಅದನ್ನ ಎಳೆದ್ರೆ ಒಂದು ಪಟ್ಟಿ ನೇರ ಹಿಂದಿನ ಟೈರಿಗೇ ಒತ್ಕೋಬೇಕು. ನೋಡೋಕೆ ಚೆನ್ನಾಗಿರಲ್ಲ, ಕೆಲ್ಸ ಮಾಡತ್ತೆ.

ತಳ್ಳಿ ನೋಡಿ

ಈಗ ಮೋಟರ್ ಇಲ್ದೆ ಮೈದಾನಕ್ಕೆ ಒಯ್ದು, ಒಬ್ರನ್ನ ಕೂರ್ಸಿ ಇಬ್ರು ಓಡ್ತಾ ತಳ್ಳಿ. ಬ್ರೇಕ್ ಒತ್ತಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಮಣ್ಣಲ್ಲಿ ಗೆರೆ ಎಳೀಬೇಕು. ಕೈ ಸಡಿಲ ಬಿಟ್ರೆ ನೇರ ಹೋಗ್ಬೇಕು. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗ್ಸಿದಾಗ ಟೈರು ಫ್ರೇಮಿಗೋ ಕಾಲಿಗೋ ತಾಗ್ಬಾರ್ದು. ವೆಲ್ಡಿಂಗ್ ಜಾಗದಲ್ಲಿ ಕೂದಲೆಳೆ ಬಿರುಕು ಇದ್ಯಾ ಅಂತ ಬಟ್ಟೇಲಿ ಒರೆಸಿ ನೋಡಿ. ಇದ್ರಲ್ಲಿ ಒಂದು ಫೇಲ್ ಆದ್ರೂ ಮೋಟರ್ ಡಬ್ಬಿ ತೆರೀಬೇಡಿ.

ಮೋಟರು, ಚೈನು

ಲೆಕ್ಕ ಸುಲಭ. ಗೇರ್ ಮೋಟರ್ ನಿಮಿಷಕ್ಕೆ 300 ಸುತ್ತಿನ ಆಸುಪಾಸು, ಸರಿಯಾದ ಸಂಖ್ಯೆ ಪ್ಲೇಟಿನ ಮೇಲೆ ಇರತ್ತೆ. ಮೋಟರಲ್ಲಿ 9 ಹಲ್ಲು, ಆ್ಯಕ್ಸಲ್‌ನಲ್ಲಿ 18 ಹಲ್ಲಿನ ಫ್ರೀವೀಲ್ ಹಾಕಿದ್ರೆ ಸುತ್ತು ಅರ್ಧ, ಅಂದ್ರೆ 150. ಹತ್ತು ಇಂಚಿನ ಸ್ಕೂಟರ್ ಟೈರ್ ಒಂದು ಸುತ್ತಿಗೆ ಸುಮಾರು 1.35 ಮೀಟರ್ ಹೋಗತ್ತೆ, ನಿಮಿಷಕ್ಕೆ 200 ಮೀಟರು, ಗಂಟೆಗೆ 12 ಕಿಲೋಮೀಟರು. ಸ್ಪೀಡ್ ಬೇಕು ಅಂತ ಸಣ್ಣ ಫ್ರೀವೀಲ್ ಹಾಕಿದ್ರೆ ಸಣ್ಣ ಏರಲ್ಲೂ ಮೋಟರ್ ಬಿಸಿಯಾಗಿ ಉಸಿರು ಬಿಡತ್ತೆ.

ಫ್ರೀವೀಲನ್ನ ಬಾರಿಗೆ ನೇರ ವೆಲ್ಡ್ ಮಾಡ್ಬೇಡಿ, ಒಳಗಿನ ಗುಂಡು ಸ್ಪ್ರಿಂಗು ಬಿಸಿಗೆ ಹಾಳಾಗತ್ತೆ. ಲೇತಲ್ಲಿ ಫ್ರೀವೀಲ್ ಥ್ರೆಡ್ಡಿನ ಬುಶ್ ಮಾಡ್ಸಿ, ಅಥವಾ ಹಳೇ ಸೈಕಲ್ ಹಬ್ಬಿನ ಥ್ರೆಡ್ ಭಾಗ ಕತ್ತರಿಸಿ ಬುಶ್ಶಿಗೆ ಸೇರ್ಸಿ, ಅದನ್ನ ಬಾರಿಗೆ ವೆಲ್ಡ್ ಮಾಡಿ, ತಣ್ಣಗಾದ್ಮೇಲೆ ಫ್ರೀವೀಲ್ ತಿರುಗ್ಸಿ ಹಾಕಿ, ಆಮೇಲೆ ಕೊನೆಗೆ ಆ ಕಡೆ ಫ್ಲ್ಯಾಂಜು. ಫ್ರೀವೀಲ್ ಮುಖ ಗಾಡಿಯ ಬಲಕ್ಕೇ ಇರ್ಬೇಕು, ಸೈಕಲ್‌ನಲ್ಲಿ ಇರೋ ಹಾಗೇ. ಎಡಕ್ಕೆ ಮುಖ ಮಾಡಿ ಹಾಕಿದ್ರೆ ಮೋಟರ್ ಮುಂದಕ್ಕೆ ತಿರುಗಿದಾಗ ಬರೀ ಟಕಟಕ ಅಂತ ಸದ್ದು, ಗಾಡಿ ಅಲ್ಲಾಡಲ್ಲ. ಮೋಟರ್ ಉಲ್ಟಾ ತಿರುಗ್ತಿದ್ರೆ ಮಾತ್ರ ಅದು ಸುಲಭ, ಎರಡು ವೈರು ಅದಲು ಬದಲು.

ಮೋಟರ್ ಪ್ಲೇಟಿನ ತೂತು ಉದ್ದುದ್ದ ಇರ್ಲಿ, ಚೈನ್ ಬಿಗಿ ಮಾಡೋಕೆ. ನಡುವೆ ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಆಡ್ಬೇಕು. ಚೈನಿಗೆ ಎರಡೂ ಕಡೆ ತಗಡಿನ ಕವರ್ ಕಡ್ಡಾಯ, ಅಂಚು ಮಡಚಿ. ದುಪಟ್ಟ, ಜಡೆ, ಲೇಸು, ಪ್ಯಾಂಟಿನ ತುದಿ ಇವೆಲ್ಲ ಚೈನಿಗೆ ತುಂಬಾ ಇಷ್ಟ.

ಬ್ಯಾಟರಿ, ವೈರಿಂಗು

ಯುಪಿಎಸ್‌ನಿಂದ ತೆಗೆದ ಬ್ಯಾಟರಿ ಬದ್ಕಿದ್ಯಾ ಅಂತ ನೋಡೋದು ಹೀಗೆ. ಫುಲ್ ಚಾರ್ಜ್ ಮಾಡಿ ರಾತ್ರಿ ಸುಮ್ನೆ ಬಿಡಿ, ಬೆಳಗ್ಗೆ ಮೀಟರ್ 12.6ರ ಮೇಲೆ ತೋರಿಸ್ಬೇಕು. ಆಮೇಲೆ ಹಳೇ 12 ವೋಲ್ಟ್ ಕಾರ್ ಹೆಡ್‌ಲೈಟ್ ಬಲ್ಬ್ ಕೊಟ್ಟು ಐದು ನಿಮಿಷ ಉರ್ಸಿ, 11ಕ್ಕಿಂತ ಕೆಳಗೆ ಬಿತ್ತು ಅಂದ್ರೆ ಅದು ಗುಜರಿಗೆ. ಹೊಟ್ಟೆ ಉಬ್ಬಿದ್ದಂತೂ ಟೆಸ್ಟೇ ಬೇಡ. ಒಂದು ಹಳೇದು ಒಂದು ಹೊಸದು ಜೋಡಿಸ್ಬೇಡಿ, ಹಳೇದು ಮೊದ್ಲು ಖಾಲಿಯಾಗಿ ಹೊಸದನ್ನೂ ಕೆಡ್ಸತ್ತೆ. ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ ಸೇರ್ಸಿದ್ರೆ 24 ವೋಲ್ಟ್. ಹೊಸ 7 ಎಎಚ್ ಜೋಡೀಲಿ ಇಪ್ಪತ್ತು ನಿಮಿಷ ಆಟ ಆಗತ್ತೆ.

ಬ್ಯಾಟರಿ ಪ್ಲಸ್ಸಿಂದ ಹೊರಟ ವೈರು ಒಂದು ಗೇಣು ದಾಟೋ ಮೊದ್ಲೇ 30 ಆ್ಯಂಪ್ ಫ್ಯೂಸ್, ಕಾರಲ್ಲಿ ಹಾಕೋ ಹಸಿರು ಬಣ್ಣದ ಬ್ಲೇಡ್ ಫ್ಯೂಸು ಇದ್ಯಲ್ಲ ಅದು. ಅಲ್ಲಿಂದ ಮೇನ್ ಸ್ವಿಚ್ಚು, ಅಲ್ಲಿಂದ ಕಂಟ್ರೋಲರ್. ದಪ್ಪ ವೈರೆಲ್ಲ 4 ಸ್ಕ್ವೇರ್ ಎಂಎಂ, ಮನೆ ಲೈಟಿನ ತೆಳು ವೈರ್ ಹಾಕಿದ್ರೆ ಕರಗತ್ತೆ. ಥ್ರಾಟಲ್ ಹೆಬ್ಬೆರಳಲ್ಲಿ ಒತ್ತೋದು ತಗೊಳ್ಳಿ, ತಿರುಗ್ಸೋದು ಬೇಡ, ಗಾಬರೀಲಿ ಕೈ ಬಿಗಿ ಹಿಡಿದ್ರೆ ಅದು ಇನ್ನೂ ಜಾಸ್ತಿ ಓಡ್ಸತ್ತೆ. ಬ್ರೇಕ್ ಲಿವರ್‌ನ ಕಟಾಫ್ ಸ್ವಿಚ್ಚಿನ (ಬ್ರೇಕ್ ಹಿಡಿದ ಕೂಡ್ಲೇ ಮೋಟರ್ ನಿಲ್ಲಿಸೋದು) ಎರಡು ವೈರು ಮರೀದೆ ಕಂಟ್ರೋಲರ್‌ಗೆ ಸೇರ್ಸಿ.

ಆಡಿಯೋ ಪಿನ್ನು ಎತ್ತಿಟ್ಕೊಂಡ್ರಲ್ಲ, ಅದು ಇಲ್ಲಿಗೆ. ಕಂಟ್ರೋಲರ್‌ನಲ್ಲಿ ಕೀ ಲಾಕಿಗೆ ಅಂತ ಒಂದು ಸಣ್ಣ ವೈರ್ ಇರತ್ತೆ, ಅದನ್ನ ಆಡಿಯೋ ಸಾಕೆಟ್ ಮೂಲಕ ಹಾಯ್ಸಿ. ಪಿನ್ನಿನ ಒಳಗೆ ನಡುವಿನ ಕಡ್ಡಿಗೂ ಹೊರಗಿನ ರಿಂಗಿಗೂ ಒಂದು ತುಂಡು ವೈರ್ ಬೆಸುಗೆ ಹಾಕಿ, ಪಿನ್ನಿಗೆ ದಾರ ಕಟ್ಟಿ ದಾರನ ಓಡ್ಸೋರ ಸೊಂಟಕ್ಕೆ ಕಟ್ಟಿ. ಪಿನ್ ಒಳಗಿದ್ರೆ ಗಾಡಿ ಆನ್, ಮಗು ಸೀಟಿಂದ ಎದ್ರೆ ಬಿದ್ರೆ ಪಿನ್ ಕಿತ್ಕೊಂಡು ಗಾಡಿ ಆಫ್. ಇದಕ್ಕೆ ಮನೆ ಕರೆಂಟಿನ ಎರಡು ಪಿನ್ ಪ್ಲಗ್ ಮಾತ್ರ ಉಪಯೋಗಿಸ್ಬೇಡಿ, ಯಾರಾದ್ರೂ ಚಿಕ್ಕ ಮಕ್ಕಳು ಅದನ್ನ ತಗೊಂಡ್ಹೋಗಿ ಗೋಡೆಗೆ ಚುಚ್ತಾರೆ.

ಮೊದಲ ಸಲ ಆನ್ ಮಾಡುವಾಗ ಹಿಂದಿನ ಚಕ್ರ ಇಟ್ಟಿಗೆ ಮೇಲೆ ಎತ್ತಿ, ಫ್ಯೂಸ್ ಜಾಗದಲ್ಲಿ ಎರಡು ಹೆಡ್‌ಲೈಟ್ ಬಲ್ಬ್ ಸಾಲಾಗಿ (ಒಂದರ ಹಿಂದೆ ಒಂದು, ಸೀರೀಸಲ್ಲಿ) ಹಾಕಿ. ಬಲ್ಬ್ ಒಮ್ಮೆ ಮಿನುಗಿ ಆರಿದ್ರೆ ವೈರಿಂಗ್ ಸರಿ ಇದೆ, ಪೂರ್ತಿ ಬೆಳಕಾಗಿ ಉರೀತಾನೇ ಇದ್ರೆ ಎಲ್ಲೋ ಶಾರ್ಟು, ಆಫ್ ಮಾಡಿ ಹುಡುಕಿ. ಬಲ್ಬ್ ಉರಿಯೋದಷ್ಟೆ, ಕಂಟ್ರೋಲರ್ ಉಳಿಯತ್ತೆ.

ಎಲ್ಲಿ ಓಡ್ಸೋದು

ರೋಡಲ್ಲಂತೂ ಅಲ್ಲ, ಲೇಔಟಿನ ಖಾಲಿ ರೋಡಲ್ಲೂ ಅಲ್ಲ. ಮನೇಲಿ ಮಾಡಿದ ನಾಲ್ಕು ಚಕ್ರದ ಗಾಡಿಗೆ ರಿಜಿಸ್ಟ್ರೇಷನ್ ಸಿಗಲ್ಲ, ಮೋಟರ್ ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ಹದಿನೆಂಟರ ಒಳಗಿನೋರು ಮೋಟರ್ ವಾಹನ ಓಡ್ಸಿ ಸಿಕ್ಕಿಬಿದ್ರೆ ಅಪ್ಪ ಅಮ್ಮಂಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗ್ಬೋದು, ಓಡ್ಸಿದೋರಿಗೆ 25 ವಯಸ್ಸಿನ ತನಕ ಲೈಸೆನ್ಸ್ ಇಲ್ಲ. ಬೇಲಿ ಇರೋ ಸ್ವಂತ ಜಾಗ, ತೆಂಗಿನ ತೋಟ, ಬೆಳೆ ಕೊಯ್ದ ಗದ್ದೆ, ಅಡಿಕೆ ಅಂಗಳ, ರಜ ದಿನ ಹೆಡ್‌ಮಾಸ್ಟರ್ ಒಪ್ಪಿದ್ರೆ ಸ್ಕೂಲ್ ಮೈದಾನ, ಇವು ಸಾಕು. ಬಾವಿ, ಕೃಷಿ ಹೊಂಡ ಇರೋ ಕಡೆ ಬೇಡ. ಹೆಲ್ಮೆಟ್ಟು, ಶೂ ಇಲ್ದೆ ಸೀಟ್ ಮೇಲೆ ಕೂರೋ ಹಾಗಿಲ್ಲ, ಹಿಂದೆ ಒಬ್ರನ್ನ ನಿಲ್ಲಿಸ್ಕೊಂಡು ಹೋಗೋದೂ ಇಲ್ಲ. ಮೊದಲ ದಿನ ದೊಡ್ಡೋರು ಯಾರಾದ್ರೂ ಪಕ್ಕದಲ್ಲಿ ಇರ್ಲೇಬೇಕು.

ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಮೋಟರ್ ಮುಟ್ಟಿ ನೋಡಿ. ಕೈ ಇಡೋಕೆ ಆಗದಷ್ಟು ಬಿಸಿ ಇದ್ರೆ ಚೈನ್ ತುಂಬಾ ಬಿಗಿ ಇದೆ, ಇಲ್ಲಾಂದ್ರೆ ಬ್ರೇಕ್ ಪ್ಯಾಡ್ ಡಿಸ್ಕಿಗೆ ಉಜ್ತಾ ಇದೆ, ಚಕ್ರ ಎತ್ತಿ ಕೈಲಿ ತಿರುಗ್ಸಿದ್ರೆ ಯಾವ್ದು ಅಂತ ಗೊತ್ತಾಗತ್ತೆ. ಸ್ಪ್ಯಾನರ್ ಹಿಡಿದು ಎಲ್ಲಾ ನಟ್ಟೂ ಇನ್ನೊಂದು ಸುತ್ತು ಬಿಗಿ ಮಾಡಿ, ಹೊಸ ಗಾಡೀಲಿ ಮೊದಲ ದಿನ ಸಡಿಲ ಆಗೋದು ಸಾಮಾನ್ಯ. ಚಾರ್ಜಿಂಗ್‌ಗೆ 24 ವೋಲ್ಟ್ ಲೆಡ್ ಆ್ಯಸಿಡ್ ಚಾರ್ಜರ್, ಒಂದೂವರೆ ಎರಡು ಆ್ಯಂಪ್ ಒಳಗಿಂದು, ಗ್ಯಾರೇಜಿನ ದೊಡ್ಡ ಚಾರ್ಜರ್‌ಗೆ ಹಾಕಿದ್ರೆ ಈ ಸಣ್ಣ ಬ್ಯಾಟರಿ ಬೆಂದು ಹೋಗತ್ತೆ. ಗಾಳಿ ಆಡೋ ವರಾಂಡದಲ್ಲಿ ಇಟ್ಟು ಚಾರ್ಜ್ ಮಾಡಿ, ಮಲಗೋ ರೂಮಲ್ಲಿ ಬೇಡ. ಸ್ಕೂಲ್ ಶುರುವಾಗಿ ಗಾಡಿ ಮೂಲೆ ಸೇರಿದ್ರೂ ತಿಂಗಳಿಗೊಂದ್ಸಲ ಚಾರ್ಜ್ ಹಾಕ್ತಿರಿ, ಇಲ್ಲಾಂದ್ರೆ ದಸರಾ ರಜೆಗೆ ತೆಗೆಯೋ ಹೊತ್ತಿಗೆ ಬ್ಯಾಟರಿ ಸತ್ತಿರತ್ತೆ.